ಒರಗಿ ನಿಲ್ಲಲೊಂದು ಕೆಂಪು ಕಾರು

ನಮ್ಮ ಅಡುಗೆಮನೆಯ ಚಮಚದ ಡ್ರಾಯರಿನಲ್ಲಿ ಒಂದು ಕಾರಿನ ಬಾಗಿಲ ಹಿಡಿ ಇದೆ. ಕ್ರೋಮ್ ಲೇಪದ್ದು, ಅಂಗೈಯಷ್ಟು ಉದ್ದ, ಒಳ್ಳೆಯ ತೂಕ. ನನ್ನ ರೂಮ್‌ಮೇಟ್ ಅದರಿಂದ ಬೆಳ್ಳುಳ್ಳಿ ಜಜ್ಜುತ್ತಾನೆ. ಇಂಗ್ಲೆಂಡಿನಲ್ಲಿ ಐವತ್ತು ವರ್ಷ ಕೋಟು ತೊಟ್ಟವರ ಕೈಯಲ್ಲಿ ತಿರುಗಿದ ವಸ್ತು ಈಗ ದುಬೈಯ ಅಲ್ ಬರ್ಷಾದ ಐದನೇ ಮಹಡಿಯಲ್ಲಿ ಮೀನುಸಾರಿನ ವಾಸನೆ ಹೊಡೆಯುತ್ತ ಬಿದ್ದಿದೆ. “ಇದನ್ನು ಎಂತಕ್ಕೆ ಇಟ್ಕೊಂಡಿದ್ದಿ ಮಾರಾಯ?” ಎಂದು ಅವನು ತಿಂಗಳಿಗೊಮ್ಮೆ ಕೇಳುತ್ತಾನೆ. “ನಿನಗೆ ಜಜ್ಜಲಿಕ್ಕೆ” ಎಂದು ನಾನೂ ತಿಂಗಳಿಗೊಮ್ಮೆ ಹೇಳುತ್ತೇನೆ. ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ. ಅದನ್ನು ನಿಮಗೆ ಹೇಳಬಹುದು. ನೀವು ನಮ್ಮ ರೂಮಿನವರಲ್ಲ, ನಾಳೆ ಬೆಳಿಗ್ಗೆ ಬಚ್ಚಲಿನ ಬಾಗಿಲ ಮುಂದೆ ನಿಮ್ಮ ಮುಖ ನೋಡುವ ಕಷ್ಟ ನನಗಿಲ್ಲ.

ಮೊದಲು ನನ್ನ ಒಂದು ಕಾಯಿಲೆಯ ಬಗ್ಗೆ ಹೇಳಬೇಕು. ಯಾರೊಡನೆ ಎರಡು ನಿಮಿಷ ಮಾತಾಡಿದರೂ ಅವರು ನನ್ನ ಗಂಟಲಿಗೆ ಅಂಟಿಕೊಳ್ಳುತ್ತಾರೆ. ಜುಮೇರಾ ಲೇಕ್ ಟವರ್ಸಿನ ನನ್ನ ಆಫೀಸಿನಲ್ಲಿ ಮ್ಯಾನೇಜರು ರಜೆ ಹಾಕಿದ ದಿನವೂ ಅವರ ಕೆಮ್ಮು ಕೇಳಿಸುತ್ತದೆ, ಕೆಮ್ಮುವವನು ನಾನು. ಕಟ್ಟಡದ ವಾಚ್‌ಮನ್, ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ಹೆಂಗಸು, ಸಾಲ ಬೇಕೇ ಎಂದು ಕೇಳುವ ಬ್ಯಾಂಕಿನ ಹುಡುಗಿ, ಯಾರನ್ನೂ ನಾನು ಬಿಟ್ಟವನಲ್ಲ. ಊರವರ ಸಂಘದ ವಾರ್ಷಿಕೋತ್ಸವದಲ್ಲಿ ಸನ್ಮಾನ ಮುಗಿದು ಊಟ ಶುರುವಾಗುವ ನಡುವೆ ಜನ ಎದ್ದು ಹೋಗದ ಹಾಗೆ ತಡೆಯಲು ನನ್ನನ್ನು ವೇದಿಕೆಗೆ ಹತ್ತಿಸುತ್ತಾರೆ. ಬಿರಿಯಾನಿಯ ಜೊತೆ ಸ್ಪರ್ಧಿಸುವ ಕಲಾವಿದ ನಾನು. ಗೆದ್ದದ್ದು ಕಡಿಮೆ.

ಆದರೆ ನನ್ನ ಒಂದು ಐಟಮ್ ಬಿರಿಯಾನಿಯನ್ನೂ ಸೋಲಿಸುತ್ತಿತ್ತು. ಅದರ ಹೆಸರು ‘ಗಲ್ಫ್ ಅಪ್ಪ’. ಅದನ್ನು ಕಲಿಸಿದ್ದು ನಮ್ಮ ಕಟಪಾಡಿ ಮನೆಯ ಚಾವಡಿಯ ಗೋಡೆಯಲ್ಲಿದ್ದ ಒಂದು ಫೋಟೋ.

ನಮ್ಮ ಕರಾವಳಿಯಲ್ಲಿ ಆ ಕಾಲಕ್ಕೆ ಗಲ್ಫಿಗೆ ಹೋದವರೆಲ್ಲ ಕಳಿಸಬೇಕಾದ ಒಂದು ಫೋಟೋ ಇತ್ತು. ಯಾರದ್ದೋ ಕಾರು, ಅದಕ್ಕೆ ಒರಗಿ ನಿಂತ ನಮ್ಮವ. ಕಾರು ತನ್ನದೆಂದು ಯಾರೂ ಬರೆದು ಕಳಿಸುತ್ತಿರಲಿಲ್ಲ, ತನ್ನದಲ್ಲವೆಂದೂ ಬರೆಯುತ್ತಿರಲಿಲ್ಲ. ಊರಿನವರು ಎಷ್ಟು ಬೇಕೋ ಅಷ್ಟು ನಂಬುತ್ತಿದ್ದರು. ನಾನು ಹುಟ್ಟಿದ ಹೊಸತರಲ್ಲಿ ಅಪ್ಪ ಅಬುಧಾಬಿಯ ಖಾಲಿದಿಯಾದಲ್ಲಿ ಒಬ್ಬ ಅರ್ಬಾಬನ, ಅಂದರೆ ಯಜಮಾನನ, ಮನೆಯಲ್ಲಿ ಡ್ರೈವರ್ ಆಗಿದ್ದರು. ನಮ್ಮ ಫೋಟೋದಲ್ಲಿದ್ದದ್ದು ಆ ಮನೆಯ ಕೆಂಪು ಸ್ಪೋರ್ಟ್ಸ್ ಕಾರು: ಎರಡೇ ಸೀಟು, ಮಡಚಿಟ್ಟ ಬಟ್ಟೆಯ ಮಾಡು, ಸೈಕಲಿನ ಹಾಗೆ ಕಡ್ಡಿಗಳಿರುವ ಚಕ್ರ. ಅದರ ಮುಂದಿನ ಮಡ್‌ಗಾರ್ಡಿಗೆ ಸೊಂಟ ಕೊಟ್ಟು, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ, ಕಪ್ಪು ಕನ್ನಡಕ ಧರಿಸಿ ನಿಂತ ಅಪ್ಪ. ಬೆಲ್ಟಿನಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಆ ಫೋಟೋ ಮನೆಗೆ ಬಂದ ಹೊತ್ತಿಗೆ ಅಪ್ಪನೂ ಬಂದಾಗಿತ್ತು. “ಅಲ್ಲಿಯ ಬಿಸಿಲು ನಮಗೆ ಆಗಿ ಬರುವುದಿಲ್ಲ” ಎಂದು ಹೇಳಿ ಉಡುಪಿಯ ಖಾಸಗಿ ಬಸ್ಸಿನಲ್ಲಿ ಸ್ಟೇರಿಂಗ್ ಹಿಡಿದರು. ಮತ್ತೆ ಗಲ್ಫಿನ ಹೆಸರೆತ್ತಲಿಲ್ಲ.

ಆರನೇ ಕ್ಲಾಸಿನ ಸ್ಕೂಲ್‌ಡೇಯಲ್ಲಿ ಅಮ್ಮನ ಕಪಾಟಿನ ಬೀಗದ ಕೈಗಳನ್ನು ಚಡ್ಡಿಗೆ ನೇತುಹಾಕಿ, ಹೆಡ್‌ಮಾಷ್ಟ್ರ ಮೇಜಿಗೆ ಒರಗಿ ನಿಂತು “ಕೈಫ್ ಹಾಲಕ್ ಅರ್ಬಾಬ್”, ಹೇಗಿದ್ದೀರಿ ಯಜಮಾನ್ರೇ, ಎಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೇ ಸಾಲಿನಲ್ಲಿದ್ದ ಅಪ್ಪ ಎದ್ದು ಹೊರಗೆ ಹೋದರು. ಎಲ್ಲಿಗೆಂದು ಅಮ್ಮ ಆಮೇಲೆ ಕೇಳಿದ್ದಕ್ಕೆ ಬೀಡಿ ಸೇದಲಿಕ್ಕೆ ಅಂದರಂತೆ. ಅಪ್ಪ ಬೀಡಿ ಸೇದುವವರಲ್ಲ. ಅದರ ಬಗ್ಗೆ ಯೋಚಿಸುವಷ್ಟು ಪುರುಸೊತ್ತು ನನಗಿರಲಿಲ್ಲ, ಚಪ್ಪಾಳೆ ಜೋರಿತ್ತು. ಅಲ್ಲಿಂದ ಆ ಐಟಮ್ ಮದುವೆಯ ಹಾಲ್‌ಗಳನ್ನು, ಕಾಲೇಜನ್ನು ದಾಟಿ, ನನ್ನ ಜೊತೆ ವಿಮಾನ ಹತ್ತಿ ದುಬೈಗೂ ಬಂತು.

ದುಬೈಯಲ್ಲಿ ಎಂಟು ವರ್ಷ ಕಳೆದ ಮೇಲೆ ನನಗೊಂದು ಹುಚ್ಚು ಹತ್ತಿತು. ಅಂಥದ್ದೇ ಒಂದು ಕಾರು ಕೊಳ್ಳಬೇಕು, ಅಪ್ಪನನ್ನು ವಿಸಿಟ್ ವೀಸಾದಲ್ಲಿ ಕರೆಸಬೇಕು, ಅವರು ಅದಕ್ಕೆ ಒರಗಿ ನಿಂತು ಹೊಸ ಫೋಟೋ ತೆಗೆಸಿಕೊಳ್ಳಬೇಕು. ಈ ಸಲ ಕಾರು ಮಗನದ್ದು. ಅಷ್ಟೇ ನನ್ನ ಆಸೆ. ಅಪ್ಪನ ಮುಖದಲ್ಲಿ ಒಂದು ಸಲ “ಪರವಾಗಿಲ್ಲ, ನನ್ನ ಮಗ” ಎಂಬುದನ್ನು ನೋಡಬೇಕಿತ್ತು. ಅವರ ಬೆನ್ನ ಮೇಲೆ ಇಪ್ಪತ್ತು ವರ್ಷ ಜನರನ್ನು ನಗಿಸಿ ತಿಂದವನು ಕೊಡಬೇಕಾದ ಬಾಡಿಗೆ ಎಂದೂ ಅನಿಸಿರಬೇಕು, ಆದರೆ ಅಷ್ಟು ಒಳ್ಳೆಯ ಮಾತು ಆಗ ನನಗೆ ಹೊಳೆದಿರಲಿಲ್ಲ.

ಇಂಥ ಕಾರುಗಳೆಲ್ಲ ಕೋಟ್ಯಧಿಪತಿಗಳಿಗೆ ಎಂದು ನೀವು ತಿಳಿದಿದ್ದರೆ, ನಾನೂ ಹಾಗೆಯೇ ತಿಳಿದಿದ್ದೆ. ಅಲ್ಲ. ಇಂಗ್ಲೆಂಡಿನಲ್ಲಿ ಮುದುಕರ ಶೆಡ್ಡುಗಳ ತುಂಬ ಇವು ಬಿದ್ದಿವೆಯಂತೆ. ನಮ್ಮ ಆಫೀಸಿನವರು ವರ್ಷಕ್ಕೊಂದು ಬದಲಿಸುವ ಗಾಡಿಗಳಿಗಿಂತ ಅಗ್ಗ. ಕಂಪೆನಿಯ ಹೆಸರು ಹೇಳುವುದಿಲ್ಲ, ಪಾಪ, ಮುಚ್ಚಿಹೋಗಿ ಬಹಳ ವರ್ಷವಾಯಿತು, ಈಗ ಅದರ ಮಾನ ಕಳೆಯುವುದು ಬೇಡ. ನನಗೆ ಮಾರಿದವರು ಅಲ್ಲಿಯ ಒಬ್ಬರು ನಿವೃತ್ತ ಮೇಷ್ಟ್ರು. ಫೋನಿನಲ್ಲಿ ಅವರ ಒಂದೊಂದು ಶಬ್ದವೂ ಸ್ನಾನ ಮಾಡಿ ತಲೆ ಬಾಚಿಕೊಂಡು ಬರುತ್ತಿತ್ತು. ಅದನ್ನು ಕೇಳಿ ನಾನೂ ಹಾಗೆಯೇ ಮಾತಾಡಲು ಶುರುಮಾಡಿದೆ. ನಾನು ಅವರದೇ ಊರ ಕಡೆಯವನೆಂದು ನಂಬಿ, ಅವರು ತಮ್ಮ ಮಂಡಿನೋವು, ಗುಲಾಬಿ ಗಿಡ, ತೀರಿಕೊಂಡ ಹೆಂಡತಿ ಎಲ್ಲ ಹೇಳಿದರು. ತುಕ್ಕು? “ಅಲ್ಲೊಂದು ಇಲ್ಲೊಂದು ಚುಕ್ಕೆ” ಎಂದರು. ಮರ್ಯಾದಸ್ಥರ ಹಾಗೆ ಮಾತಾಡುತ್ತ ಸಿಕ್ಕಿಬಿದ್ದವನಿಗೆ ಮರ್ಯಾದೆ ಬಿಟ್ಟು ಚೌಕಾಸಿ ಮಾಡಲಿಕ್ಕಾಗುತ್ತದೆಯೇ? ಹೇಳಿದ ಬೆಲೆಗೆ ಕೊಂಡೆ.

ಮೂರು ತಿಂಗಳಾದ ಮೇಲೆ ಹಡಗಿನಲ್ಲಿ ಬಂದ ಕಾರನ್ನು ಅಲ್ ಕೂಜಿನ ಹಮೀದಾಕನ ಗ್ಯಾರೇಜಿನಲ್ಲಿ ಇಳಿಸಿದರು. ಹಮೀದಾಕ ಉಳ್ಳಾಲದ ಬ್ಯಾರಿ, ಮೂವತ್ತು ವರ್ಷದಿಂದ ಇಲ್ಲಿ ಬೇರೆಯವರ ಕಾರುಗಳ ಕೆಳಗೆ ಮಲಗಿ ದುಡಿದವರು. ಇಂಜಿನ್ನಿನ ಸದ್ದು ಕೇಳಿಯೇ ಮಾಲೀಕನ ಗುಣ ಹೇಳುತ್ತಾರೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟರು. ಕಾಲು ನೆಲಕ್ಕೇ ಬಂತು. ಕಾರಿನ ನೆಲಕ್ಕಲ್ಲ, ಗ್ಯಾರೇಜಿನ ನೆಲಕ್ಕೆ.

“ಮೋನೆ, ಇದು ಕಾರಲ್ಲ. ತುಕ್ಕಿಗೆ ಯಾರೋ ಪೇಂಟ್ ಹೊಡ್ದಿದ್ದಾರೆ.”

“ಮೇಷ್ಟ್ರು ಅಲ್ಲೊಂದು ಇಲ್ಲೊಂದು ಅಂದಿದ್ರು.”

“ಸುಳ್ಳಲ್ಲ. ಅಲ್ಲೊಂದು ಇಲ್ಲೊಂದು ಕಡೆ ಕಾರು ಉಂಟು.” ಆಮೇಲೆ ತಲೆ ಒಳಗೆ ಹಾಕಿದವರು ಹಾಗೆಯೇ ನಿಂತರು. “ಅಲ್ಲ ಮಾರಾಯ, ಸ್ಟೇರಿಂಗ್ ಎಲ್ಲಿ ಉಂಟು ನೋಡಿದ್ದಿಯಾ ನೀನು?”

“ನೋಡಿದ್ದೆ” ಎಂದೆ. ಬಲಗಡೆ. ನಲವತ್ತು ಫೋಟೋಗಳಲ್ಲಿ ನಲವತ್ತು ಸಲ ನೋಡಿದ್ದೆ, ಒಂದು ಸಲವೂ ವಿಚಿತ್ರ ಅನಿಸಿರಲಿಲ್ಲ. ಅಪ್ಪನ ಬಸ್ಸಿನ ಬಾನೆಟ್ಟಿನ ಮೇಲೆ ಕೂತು ಬೆಳೆದವನ ಕಣ್ಣಿಗೆ ಸ್ಟೇರಿಂಗ್ ಬಲಗಡೆ ಇರುವುದೇ ಸರಿ. ಎಂಟು ವರ್ಷ ಇಲ್ಲಿ ಎಡಗಡೆ ಕೂತು ಗಾಡಿ ಓಡಿಸಿದ್ದೇನೆ, ಆದರೆ ಕನಸಿನ ಕಾರು ನೋಡುವಾಗ ಕಣ್ಣು ಕಟಪಾಡಿಗೆ ಹೋಗಿಬಿಟ್ಟಿತ್ತು. ಬಲಗಡೆ ಸ್ಟೇರಿಂಗಿನ ಗಾಡಿಗೆ ಇಲ್ಲಿ ಸುಲಭಕ್ಕೆ ಮುಲ್ಕಿಯಾ ಸಿಗುವುದಿಲ್ಲ. ಮುಲ್ಕಿಯಾ ಎಂದರೆ ಗಾಡಿಯ ನೋಂದಣಿ ಕಾರ್ಡು. ನಮ್ಮ ಊರ ಹತ್ತಿರದ ಮುಲ್ಕಿಗೂ ಅದಕ್ಕೂ ಸಂಬಂಧವಿಲ್ಲ. ಹಮೀದಾಕ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ದವರೇ ಫೋನು ತೆಗೆದು ಉಳ್ಳಾಲದ ಅಷ್ಟೂ ಗ್ಯಾರೇಜಿನವರಿಗೆ ವಾಯ್ಸ್ ಮೆಸೇಜ್ ಕಳಿಸಿದರು. ನನ್ನ ಸ್ವರದಲ್ಲಿ, ನಾನು ‘ನೋಡಿದ್ದೆ’ ಅಂದ ಹಾಗೆಯೇ. ನನಗಿಂತ ಚೆನ್ನಾಗಿ ಮಾಡಿದ್ದರು. ನಾನು ಎರಡು ದಿನ ಅವರ ಫೋನ್ ಎತ್ತಲಿಲ್ಲ. ಇನ್ನೊಬ್ಬರ ನಾಲಿಗೆಯ ಮೇಲೆ ಕೂರುವುದು ಅಷ್ಟೇನೂ ಮೆತ್ತಗಿನ ಜಾಗವಲ್ಲ ಎಂದು ಆ ಎರಡು ದಿನ ಗೊತ್ತಿತ್ತು. ಮೂರನೇ ದಿನ ಮರೆತೆ.

ಮುಂದಿನ ಒಂದು ವರ್ಷದ ಶನಿವಾರಗಳನ್ನೆಲ್ಲ ಆ ಕಾರು ತಿಂದಿತು. ಹೊಸ ತಗಡು ಕತ್ತರಿಸಿ ನೆಲ ಮಾಡಿದರು. ಸ್ಟೇರಿಂಗನ್ನು ಎಡಗಡೆಗೆ ತಂದರು. ಬಾಗಿಲ ಹಿಡಿಗಳು, ದೀಪದ ಬಳೆಗಳು, ರಬ್ಬರು ಎಲ್ಲ ಇಂಗ್ಲೆಂಡಿನಿಂದ ಪಾರ್ಸೆಲ್ಲಿನಲ್ಲಿ ಬಂದವು. ಕಿತ್ತುಹಾಕಿದ ಹಳೆಯ ಹಿಡಿಗಳಲ್ಲಿ ಒಂದನ್ನು ನಾನು ಜೇಬಿಗೆ ಹಾಕಿಕೊಂಡು ರೂಮಿಗೆ ತಂದೆ. ನಾನು ಉಜ್ಜುವ ಕಾಗದ ಹಿಡಿದು ಉಜ್ಜಿದೆ, ಉಜ್ಜುತ್ತ ಹಮೀದಾಕನ ಹಾಗೆ ಬೈದೆ, ಅವರಿಂದ ನಿಜವಾದ ಬೈಗುಳ ತಿಂದೆ. “ಅಪ್ಪ ಬರುವ ಮೊದಲು ಆಗ್ಬೇಕು” ಎಂದು ನಾನು ಅವಸರಿಸಿದಾಗೆಲ್ಲ ಅವರು, “ಕಾರು ಐವತ್ತು ವರ್ಷ ಕಾದಿದೆ, ನಿನ್ನ ಅಪ್ಪ ಮೂವತ್ತು ವರ್ಷ ಕಾದಿದ್ದಾರೆ. ನಿನಗೆ ಮಾತ್ರ ಎಂತ ಅರ್ಜೆಂಟು?” ಎನ್ನುತ್ತಿದ್ದರು.

ಅಪ್ಪ ಬಂದರು, ಎರಡು ತಿಂಗಳ ವೀಸಾದಲ್ಲಿ. ಅಮ್ಮನಿಗೆ ಅಂಗನವಾಡಿಯ ಕೆಲಸ, ರಜೆ ಸಿಗಲಿಲ್ಲ. ಎತ್ತರದ ಕಟ್ಟಡಗಳನ್ನು, ಮಾಲನ್ನು, ಮೆಟ್ರೋವನ್ನು ಅಪ್ಪ ಯಾರದೋ ಮನೆಯ ಗೃಹಪ್ರವೇಶಕ್ಕೆ ಬಂದವರ ಹಾಗೆ ನೋಡಿ, “ಒಳ್ಳೇದುಂಟು” ಎಂದರು. ನನಗೆ ಮೋಜೆನಿಸಿದ್ದು ಅವರು ಪಾರ್ಕಿಂಗ್‌ನಲ್ಲಿ ನಡೆಯುವ ರೀತಿ. ಎರಡು ಕಾರುಗಳ ನಡುವೆ ಹೋಗಬೇಕಾದರೆ ಅಂಗಿಯ ಅಂಚನ್ನು ಹೊಟ್ಟೆಗೆ ಒತ್ತಿ ಹಿಡಿದು ಅಡ್ಡಡ್ಡವಾಗಿ ನಡೆಯುತ್ತಿದ್ದರು, ಪಂಕ್ತಿಯ ನಡುವೆ ಸಾರಿನ ಬಕೆಟ್ ಹಿಡಿದು ಬರುವವರ ಹಾಗೆ. ನಾನು ರೂಮಿನಲ್ಲಿ ಎರಡು ಕುರ್ಚಿ ಇಟ್ಟು ಅದನ್ನೂ ಮಾಡಿ ತೋರಿಸಿದೆ. ರೂಮ್‌ಮೇಟ್ ನಕ್ಕು ಚಹಾ ಚೆಲ್ಲಿದ. ಅಪ್ಪ ಬಟ್ಟೆ ತಂದು ಚಹಾ ಒರೆಸಿದರು.

ಖಾಲಿದಿಯಾಕ್ಕೆ ಒಂದು ದಿನ ಹೋಗಿ ಬರುವಾ ಎಂದು ಎರಡು ಸಲ ಕರೆದೆ. “ಅಲ್ಲಿ ಎಂತ ಉಂಟು? ಈಗ ಎಲ್ಲ ಬದಲಾಗಿರ್ತದೆ” ಎಂದು ಟಿವಿಯ ಸ್ವರ ಹೆಚ್ಚಿಸಿದರು. ಕಾರಿನ ವಿಷಯ ನಾನು ಹೇಳಿರಲಿಲ್ಲ.

ಅವರು ಹೊರಡುವ ವಾರದ ಶನಿವಾರ ಬೆಳಿಗ್ಗೆ ಹಮೀದಾಕ ಫೋನ್ ಮಾಡಿದರು: “ಯಲ್ಲಾ, ಹೊರಡು, ಮದುಮಗಳು ತಯಾರುಂಟು. ಕರ್ಕೊಂಡು ಬಾ ಅಪ್ಪನನ್ನು.” ನಂಬರ್ ಪ್ಲೇಟು ಇನ್ನೂ ಬಂದಿರಲಿಲ್ಲ, ಆದರೆ ಗ್ಯಾರೇಜಿನ ಹಿಂದಿನ ಮರಳಿನ ಅಂಗಳದಲ್ಲಿ ಓಡಿಸಬಹುದಿತ್ತು. ನಾವು ಹೋದಾಗ ಕಾರು ಬಿಸಿಲಲ್ಲಿ ನಿಂತಿತ್ತು. ಕೆಂಪು ಹೇಗಿತ್ತೆಂದರೆ, ಹತ್ತಿರ ನಿಂತ ಪೇಂಟರನ ಬಿಳಿ ಬನಿಯನ್ನೂ ಕೆಂಪಾಗಿ ಕಾಣುತ್ತಿತ್ತು. ಅಪ್ಪ ಗೇಟಿನ ಹತ್ತಿರವೇ ನಿಂತುಬಿಟ್ಟರು.

“ಶೇಖರಣ್ಣ, ಗುರುತು ಸಿಕ್ಕಿತಾ?” ಎಂದು ಹಮೀದಾಕ ಕೇಳಿದರು.

“ಹೂಂ” ಎಂದರು ಅಪ್ಪ.

“ನಮ್ಮದೇ ಅಪ್ಪ, ನಾನು ತಗೊಂಡದ್ದು” ಎಂದೆ. “ಬನ್ನಿ, ಒರಗಿ ನಿಲ್ಲಿ. ಫೋಟೋ ತೆಗಿಯುವಾ.”

“ನೀನು ನಿಲ್ಲು. ನಾನು ತೆಗೀತೇನೆ.”

“ನಾನು ನಿಂತ್ರೆ ಎಂತ ಉಂಟು? ನೀವು ನಿಲ್ಬೇಕು. ಆ ಫೋಟೋದ ಹಾಗೆ.”

“ಇಲ್ಲೇ ನಿಲ್ತೇನೆ. ಇಲ್ಲಿಂದಲೇ ಕಾರು ಕಾಣ್ತದಲ್ಲ?”

ನಾಚಿಕೆ ಎಂದುಕೊಂಡೆ. ನಾಚಿಕೆ ಬಿಡಿಸುವ ಮದ್ದು ನನ್ನ ಹತ್ತಿರ ಇತ್ತಲ್ಲ! ಫ್ಲ್ಯಾಟಿನ ಬೀಗದ ಕೈಗಳನ್ನು ಬೆಲ್ಟಿಗೆ ಸಿಕ್ಕಿಸಿದೆ, ಕಪ್ಪು ಕನ್ನಡಕ ಹಾಕಿದೆ, ಮಡ್‌ಗಾರ್ಡಿಗೆ ಸೊಂಟ ಕೊಟ್ಟು, ಕಾಲ ಮೇಲೆ ಕಾಲು ಹಾಕಿ, ಅಪ್ಪನ ಸ್ವರದಲ್ಲಿ “ಕೈಫ್ ಹಾಲಕ್ ಅರ್ಬಾಬ್” ಎಂದೆ. ಪೇಂಟರ್ ನಕ್ಕ. ವೆಲ್ಡಿಂಗಿನವನು ಮುಖದ ಗುರಾಣಿ ಮೇಲೆತ್ತಿ ನಕ್ಕ. ಹಮೀದಾಕನಿಗೆ ನಕ್ಕು ಕೆಮ್ಮು ಹತ್ತಿತು. ಆ ಹುರುಪಿನಲ್ಲೇ ನಾನು ಹೋಗಿ ಅಪ್ಪನ ಮೊಣಕೈ ಹಿಡಿದು ಕಾರಿನ ಕಡೆ ಎಳೆದೆ.

ಅಪ್ಪ ಕೈಯನ್ನು ಕಿತ್ತುಕೊಂಡರು. ಜೋರಾಗಿ. ನನ್ನ ನೆನಪಿನಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು.

ಆಮೇಲೆ ಅವರು ಮಾತಾಡಿದ್ದು ನನ್ನೊಡನೆ ಅಲ್ಲ, ಹಮೀದಾಕನೊಡನೆ. “ಹಮೀದ್, ಪೇಂಟ್ ಒಣಗಿದೆಯಾ?”

“ಒಣಗಿ ವಾರ ಆಯ್ತು ಅಣ್ಣ.”

“ಒಣಗಿದ್ರೂ ಗೆರೆ ಬೀಳ್ತದೆ. ಆ ಫೋಟೋ ತೆಗೆದ ದಿವಸ ಬಿದ್ದಿತ್ತು. ಬೀಗದ ಕೈ ಸೊಂಟದಲ್ಲಿತ್ತಲ್ಲ, ಫೋಟೋ ತೆಗೆದಾಯ್ತು ಅಂತ ಎದ್ದು ನೋಡಿದ್ರೆ, ಇಷ್ಟುದ್ದ.” ಅಪ್ಪ ಮಣಿಕಟ್ಟಿನಿಂದ ಮೊಣಕೈವರೆಗೆ ಬೆರಳು ಎಳೆದರು. “ಅರ್ಬಾಬ್ ಒಳ್ಳೆಯವರು, ಬೈಯ್ಲಿಲ್ಲ. ಗೆರೆ ನೋಡಿದ್ರು, ನನ್ನ ಸೊಂಟ ನೋಡಿದ್ರು, ಖಲಾಸ್ ಅಂದ್ರು. ಒಂದು ವಾರದಲ್ಲಿ ವೀಸಾ ಕ್ಯಾನ್ಸಲ್.”

ವೆಲ್ಡಿಂಗಿನವನಿಗೆ ಕನ್ನಡ ಬರುವುದಿಲ್ಲ. ಆದರೂ ಗುರಾಣಿ ಕಳಚಿ ಕೈಯಲ್ಲಿ ಹಿಡಿದುಕೊಂಡ.

“ನಾನು ಅಂಗಳದಲ್ಲಿ ನಿಂತು ಮಾಲೇಶ್, ಮಾಲೇಶ್ ಅಂತಿದ್ದೆ. ತಪ್ಪಾಯ್ತು ಅನ್ಲಿಕ್ಕೆ ನನಗೆ ಬರ್ತಿದ್ದ ಅರಬ್ಬಿ ಅದೊಂದೇ. ಅಲ್ಲಿ ಲೆಕ್ಕ ಬರೆಯುವವನೊಬ್ಬ ಇದ್ದ, ನಮ್ಮ ಕಡೆಯವನೇ. ನಾನು ಹೇಳಿದ್ದನ್ನು ಹಾಗೆ ಹಾಗೇ ಹೇಳಿ ತೋರಿಸಿದ. ನನ್ನ ಸ್ವರ, ನನ್ನ ಕೈ ಮುಗಿಯುವುದು, ಎಲ್ಲ. ಒಳ್ಳೆ ಮಾಡ್ತಿದ್ದ ಅವನು. ಅಡಿಗೆಯವರು, ತೋಟದವರು ಎಲ್ಲ ನಗಾಡಿದ್ರು.”

“ನೀವೆಂತ ಮಾಡಿದ್ರಿ ಅಣ್ಣ?” ಹಮೀದಾಕ ಮೆಲ್ಲಗೆ ಕೇಳಿದರು.

“ನಾನೂ ನಗಾಡಿದೆ. ನಗಾಡಿದ್ರೆ ಕೆಲಸ ಉಳೀಬಹುದಾ ಅಂತ.”

ಅಪ್ಪ ಮುಂದುವರಿಸಿದರು. “ಫೋಟೋ ತೆಗೆದವ ಅದನ್ನು ತೊಳೆಸಿ ಮನೆಗೆ ಕಳಿಸಿದ. ನಾನು ಬಂದು ಹದಿನೈದು ದಿವಸ ಕಳೆದು ಅದು ಬಂತು. ಇವನ ಅಮ್ಮ ಕುಶಿಯಲ್ಲಿ ಫ್ರೇಮ್ ಹಾಕಿಸಿದಳು. ಬೇಡ ಅಂತ ಹೇಗೆ ಹೇಳುವುದು? ಯಾಕೆ ಅಂತ ಕೇಳ್ತಾಳಲ್ಲ.”

ನಾನು ಕನ್ನಡಕ ತೆಗೆದೆ. ಬೀಗದ ಕೈಗಳನ್ನು ಬೆಲ್ಟಿನಿಂದ ಬಿಡಿಸಲು ಹೋದೆ, ಕೊಂಡಿ ಬಿಚ್ಚಲಿಲ್ಲ. ಅವು ಗಿಲಿಗಿಲಿ ಸದ್ದು ಮಾಡುತ್ತಲೇ ಇದ್ದವು. ಎಷ್ಟು ಕಡೆ ಮಾಡಿದ್ದೆ ಆ ಐಟಮನ್ನು ಎಂದು ಲೆಕ್ಕ ಹಾಕಬಾರದೆಂದುಕೊಂಡೆ, ಮನಸ್ಸು ಹಾಕಿತು. ಸ್ಕೂಲ್‌ಡೇ. ಸೋದರತ್ತೆಯ ಮಗಳ ಮದುವೆ. ಕಾಲೇಜು. ಇಲ್ಲಿಯ ಸಂಘ, ನಾಲ್ಕು ಸಲ, ಎರಡು ಸಲ ಒನ್ಸ್ ಮೋರ್. ಆ ಲೆಕ್ಕ ಬರೆಯುವವನಾದರೂ ಒಂದೇ ದಿನ ಮಾಡಿದ್ದ.

ಹಮೀದಾಕ ಬಾಗಿಲು ತೆಗೆದು ಹಿಡಿದರು. “ಶೇಖರಣ್ಣ, ಈ ಕಾರಿಗೆ ಗೆರೆ ಬಿದ್ರೆ ಅಳಿಸ್ಲಿಕ್ಕೆ ನಾನಿದ್ದೇನೆ. ಕೂತ್ಕೊಳ್ಳಿ. ಒಂದು ರೌಂಡು.”

ಅಪ್ಪ ಒಪ್ಪುತ್ತಾರೆಂದು ನಾನು ನಂಬಿರಲಿಲ್ಲ. ಒಪ್ಪಿದರು, ಹಮೀದಾಕನ ಮಾತು ತೆಗೆದುಹಾಕುವುದು ಚೆಂದವಲ್ಲ ಎಂದಿರಬೇಕು. ಆದರೆ ಹತ್ತುವ ಮೊದಲು ಜೇಬಿನಿಂದ ಚಿಲ್ಲರೆ, ಕನ್ನಡಕದ ಪೆಟ್ಟಿಗೆ, ಫೋನು, ಕೊನೆಗೆ ಅಂಗಿಯ ಜೇಬಿನ ಪೆನ್ನನ್ನೂ ತೆಗೆದು ಒಂದೊಂದಾಗಿ ಹಮೀದಾಕನ ಅಂಗೈಗೆ ಹಾಕಿದರು. ಬೆಲ್ಟನ್ನೂ ಬಿಚ್ಚಿ ಸುತ್ತಿ ಕೊಟ್ಟರು. ವಿಮಾನ ನಿಲ್ದಾಣದಲ್ಲಿ ತಪಾಸಣೆಗೆ ನಿಂತವರ ಹಾಗೆ. ಹಮೀದಾಕ ಎರಡು ಕೈಯಲ್ಲೂ ಅವನ್ನು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತರು.

ಇಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಒಂದು ವರ್ಷ ಆ ಸದ್ದಿಗಾಗಿ ಕಾದಿದ್ದೆ, ನಿಜ ಹೇಳುತ್ತೇನೆ, ಈಗ ಅದು ಹೇಗಿತ್ತೆಂದು ನೆನಪಿಲ್ಲ. ಮರಳಿನ ಅಂಗಳದಲ್ಲಿ ಎರಡನೇ ಗೇರಿನಲ್ಲಿ ಸುತ್ತು ಹೊಡೆದೆವು. ಅಪ್ಪ ಕೈಗಳೆರಡನ್ನೂ ತೊಡೆಯ ಮೇಲಿಟ್ಟು, ಬೆನ್ನು ಸೀಟಿಗೆ ತಾಗದ ಹಾಗೆ ನೆಟ್ಟಗೆ ಕೂತಿದ್ದರು. ಮಗನ ಕಾರಿನಲ್ಲಿ ಅವರಿಗೆ ಅಷ್ಟೇ ಜಾಗ ಬೇಕಿತ್ತು.

ಎರಡನೇ ಸುತ್ತಿನಲ್ಲಿ ನಾನು ಹೇಳಬೇಕೆಂದುಕೊಂಡೆ. ಬಾಯಿ ತೆರೆದರೆ ಮೊದಲು ಬಂದದ್ದು ಮ್ಯಾನೇಜರರ ಕೆಮ್ಮು. ಅದನ್ನು ನುಂಗಿ, ತಿರುವಿನಲ್ಲಿ ಕಾರು ನಿಧಾನ ಮಾಡಿ, ಎದುರಿನ ಗೋಡೆ ನೋಡುತ್ತ ಹೇಳಿದೆ: “ತಪ್ಪಾಯ್ತು ಅಪ್ಪ.”

ಅಪ್ಪ ನನ್ನ ಕಡೆ ತಿರುಗಿದರು. ಚುಚ್ಚುವ ಮುಖವಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು.

“ಇದು ಯಾರ ಸ್ವರ ಮಾಡಿದ್ದು?” ಎಂದು ಕೇಳಿದರು.

ನನ್ನದು ಎಂದು ಹೇಳಬಹುದಿತ್ತು. “ಹಮೀದಾಕನದ್ದು” ಎಂದೆ.

ಅಪ್ಪ ಒಂದು ಕ್ಷಣ ಕಿವಿಯಲ್ಲೇ ಅದನ್ನು ಮತ್ತೊಮ್ಮೆ ಕೇಳಿ ನೋಡಿದರು.

“ಸರಿ ಬರ್ಲಿಲ್ಲ” ಎಂದರು. “ಇನ್ನೂ ಸ್ವಲ್ಪ ಕಲೀಬೇಕು ನೀನು.”